ಸಾಫ್ ಐತಿ

ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದು, ಪಾತ್ರೆಯ ತಳ ಸೀದು, ಪಕ್ಕದ ಮನೆಯ ದೌಲತಬಿ ತನ್ನ ಕಿಟಕಿಯಿಂದಲೇ "ಏನ ಸುಡಾಕತ್ತೈತಿ ನಿಮ್ಮನ್ಯಾಗ?" ಎಂದು ಕೂಗುವ ತನಕ ಹಜರತಅಲಿ ಒಲೆಗೆ ಬೆನ್ನು ಹಾಕಿ ಕೂತು ಬೂಟಿನ ಲಾಡಿ ಕಟ್ಟುತ್ತಲೇ ಇದ್ದ. ನಳದಿಂದ ಕೊಡ ಹೊತ್ತು ಬಂದ ಹೆಂಡತಿ ಶಬನಮ್ ಕೊಡ ಇಳಿಸುವ ಮೊದಲೇ ಗ್ಯಾಸ್ ಆರಿಸಿದಳು. "ಹಾಲ ನೋಡ್ರಿ ಅಂತ ನಿಮ್ಮನ್ನ ಕುಂದ್ರಿಸಿ ಹೋದ್ನೆಲ್ಲಾ, ನಂದs ತಪ್ಪು. ಮೂಗು ಯಾರ ಕಡೆ ಒತ್ತಿ ಇಟ್ಟು ಬಂದೀರಿ?" ಎಂದಳು. ಲಕ್ಷ್ಯ ಇರಲಿಲ್ಲ ಎಂದ. "ಊರ ಮಂದಿಗೆಲ್ಲ ಮೂಗು, ಮನಿ ಹಾಲಿಗೆ ಮಾತ್ರ ಇಲ್ಲ" ಎಂದು ಅವಳು ನಕ್ಕು, ಸೀದ ಪಾತ್ರೆಗೆ ನೀರು ಸುರಿದಳು. ತಮಾಷೆಯೆಂದು ಗೊತ್ತಿದ್ದರೂ ಅವನ ಕಿವಿ ಬಿಸಿಯಾದವು. ಆರು ವಾರದಿಂದ ತನ್ನ ಮೂಗಿಗೆ ಯಾವ ವಾಸನೆಯೂ ಹತ್ತುತ್ತಿಲ್ಲವೆಂದು ಅವನು ಹೆಂಡತಿಗೂ ಹೇಳಿರಲಿಲ್ಲ.

ಜನವರಿಯ ಕೊನೆಗೆ ಬಂದ ಜ್ವರ ನಾಲ್ಕು ದಿನಕ್ಕೆ ಹೋಗಿತ್ತು. ಹೋಗುವಾಗ ವಾಸನೆಯನ್ನು ಜೊತೆಗೆ ಕರೆದುಕೊಂಡು ಹೋಗಿತ್ತು. ಮೊದಲು ಉಳ್ಳಾಗಡ್ಡಿ ಹೆಚ್ಚಿ ಮೂಸಿದ್ದ. ಆಮೇಲೆ ಡೀಸೆಲ್ಲು. ಆಮೇಲೆ, ಬಚ್ಚಲ ಬಾಗಿಲು ಹಾಕಿಕೊಂಡು, ತನ್ನದೇ ಕಾಲ್ಚೀಲ. ಹಾವೇರಿಯ ಡಾಕ್ಟರು ಮೂಗಿನೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿ, "ಬರಬಹುದು, ತಡ ಆಗಬಹುದು. ಕೆಲಸ ಏನು ಮಾಡ್ತೀರಿ?" ಎಂದು ಕೇಳಿದ್ದರು. "ಕೋಲ್ಡ್ ಸ್ಟೋರೇಜಿನ್ಯಾಗ ರೀ" ಎಂದಷ್ಟೇ ಹೇಳಿದ. ಅಲ್ಲಿ ತನ್ನ ಕೆಲಸವೇ ಮೂಗಿನದು ಎಂದು ಹೇಳಲಿಲ್ಲ. ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸಲೀಸಾಗಿ ಜಾಗ ಸಿಕ್ಕಿತೆಂದು ಖುಷಿಪಟ್ಟು ಕೂತವನಿಗೆ, ಸುತ್ತಲಿನ ಸೀಟುಗಳೆಲ್ಲ ಯಾಕೆ ಖಾಲಿ ಎಂದು ಹೊಳೆದದ್ದು ಮೋಟೆಬೆನ್ನೂರು ದಾಟಿದ ಮೇಲೆ: ಕಾಲ ಬುಡದಲ್ಲಿ ಯಾರದೋ ಒಣಮೀನಿನ ಬುಟ್ಟಿ ಇತ್ತು. ಬೇರೆ ವಾಸನೆ ಹೋದದ್ದನ್ನು ಹೇಗೋ ತಡೆದುಕೊಳ್ಳಬಹುದು. ತಾನೇ ನಾರುತ್ತಿದ್ದೇನೋ ಇಲ್ಲವೋ ಎಂದು ತಿಳಿಯದಿರುವುದು ಮಾತ್ರ ಹೊಟ್ಟೆಯೊಳಗೆ ಕೂತುಬಿಟ್ಟಿತ್ತು. ಅದಕ್ಕೇ ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಿಂದ ಅತ್ತರಿನ ಸೀಸೆ ತಂದು, ದಿನಾ ಮುಂಜಾನೆ ಕೊರಳಿಗೆ ಎರಡು ಸಲ, ಅನುಮಾನ ಬಂದರೆ ಮೂರು ಸಲ ತಿಕ್ಕಿಕೊಳ್ಳುತ್ತಿದ್ದ. ಇವತ್ತು ಅನುಮಾನ ಬಂದಿತ್ತು.

ಬ್ಯಾಡಗಿಯ ರಸ್ತೆ ತುಂಬ ಲಾರಿ, ಟ್ರ್ಯಾಕ್ಟರು, ಚೀಲ. ಮಾರ್ಚ್ ತಿಂಗಳ ಸುಗ್ಗಿ. ಪರಊರಿನ ಡ್ರೈವರೊಬ್ಬ ಮೂಗಿಗೆ ಟವೆಲು ಒತ್ತಿಕೊಂಡು ಕೆಮ್ಮುತ್ತ ನಿಂತಿದ್ದ. ಚಹಾದ ಅಂಗಡಿಯವನು ಅವನನ್ನು ನೋಡಿ ನಗುತ್ತಿದ್ದ. ಮೆಣಸಿನಕಾಯಿ ಘಾಟಿಗೆ ಕೆಮ್ಮುವವನು ಹೊರಗಿನವನು, ಕೆಮ್ಮದವನು ಊರವನು. ಇಲ್ಲಿ ರೇಷನ್ ಕಾರ್ಡಿಗಿಂತ ಅದೇ ಗಟ್ಟಿ ಪುರಾವೆ. ಅಲಿಯೂ ಕೆಮ್ಮಲಿಲ್ಲ. ಕಣ್ಣು ಸ್ವಲ್ಪ ಉರಿಯಿತು. ಅದೊಂದು ಉಳಿದಿತ್ತು: ಚುಚ್ಚುವುದು ಗೊತ್ತಾಗುತ್ತಿತ್ತು, ಚುಚ್ಚಿದ್ದು ಯಾವುದೆಂದು ಗೊತ್ತಾಗುತ್ತಿರಲಿಲ್ಲ. ವಾಸನೆಯಿಲ್ಲದ ಬ್ಯಾಡಗಿ, ಗೋಡೆಗೆ ಅಂಟಿಸಿದ ಬ್ಯಾಡಗಿಯ ಫೋಟೋದಂತಿತ್ತು. ಬಣ್ಣಕ್ಕೇನೂ ಕೊರತೆಯಿಲ್ಲ.

ಕೋಲ್ಡ್ ಸ್ಟೋರೇಜಿನ ಗೇಟಿನೊಳಗೆ ಇಪ್ಪತ್ತೆರಡು ಹೆಣ್ಣುಮಕ್ಕಳು ಚಪ್ಪಲಿ ಬಿಟ್ಟು, ಬುತ್ತಿ ಗಂಟು ಹಿಡಿದು ಕಾಯುತ್ತಿದ್ದರು. ಒಳಗೆ ಐದು ಚೇಂಬರುಗಳ ಮುಂದೆ ಒಂದು ಉದ್ದನೆಯ ಪಡಸಾಲೆ. ಅಲ್ಲಿ ಕೂತು ಅವರು ಮೆಣಸಿನಕಾಯಿ ಆರಿಸಬೇಕು, ಚೀಲ ಹೊಲಿಯಬೇಕು. ಪಡಸಾಲೆಯ ತಲೆಯ ಮೇಲೆ ಅಮೋನಿಯಾ ಗ್ಯಾಸಿನ ಪೈಪುಗಳು. ಚೇಂಬರುಗಳನ್ನು ತಂಪಾಗಿಡುವುದು ಆ ಗ್ಯಾಸು. ಪೈಪಿನೊಳಗಿರುವ ತನಕ ಅದು ಊರಿನ ಅನ್ನದಾತ, ಹೊರಗೆ ಬಂದರೆ ಕಣ್ಣು, ಗಂಟಲು, ಶ್ವಾಸಕೋಶ ಯಾವುದನ್ನೂ ಬಿಡುವುದಿಲ್ಲ. ಹಾಗಾಗಿ ಒಂದು ರಿವಾಜು ಬೆಳೆದುಬಂದಿತ್ತು: ದಿನಾ ಮುಂಜಾನೆ ಅಲಿ ಬಾಗಿಲು ತೆಗೆದು, ಹೊಸ್ತಿಲಲ್ಲಿ ನಿಂತು, ಮೂಗು ಮೇಲೆತ್ತಿ ಮೂರು ಸಲ ಮೂಸಿ, "ಸಾಫ್ ಐತಿ" ಅನ್ನಬೇಕು. ಅಂದ ಮೇಲೆಯೇ ಹೆಂಗಸರು ಒಳಗೆ ಕಾಲಿಡುವುದು. ಐದು ವರ್ಷದ ಹಿಂದೆ ಒಮ್ಮೆ ಅವನು "ಸಾಫ್ ಇಲ್ಲ" ಅಂದಿದ್ದ. ಹುಡುಕಿದರೆ ಕೂದಲೆಳೆಯಷ್ಟು ಬಿರುಕು ಸಿಕ್ಕಿತ್ತು. ಗಣಪತಿ ಹಬ್ಬದ ಸ್ಟೇಜಿನ ಮೇಲೆ ಸಾವಕಾರ ಪ್ರಭುಲಿಂಗಪ್ಪ ಅವನಿಗೆ ಶಾಲು ಹೊದಿಸಿದ್ದರು. ಮುಂದಿನ ವರ್ಷ ಗ್ಯಾಸ್ ಸೋರಿದರೆ ಚೀರುವ ಸೆನ್ಸರ್ ಮಾರಲು ಹುಬ್ಬಳ್ಳಿಯವನೊಬ್ಬ ಬಂದಾಗ, "ಆ ಡಬ್ಬಿ ನನಗ್ಯಾಕೋ ಮಾರಾಯಾ, ನಮ್ಮ ಅಲಿ ಮೂಗು ಐತಲ್ಲ" ಎಂದು ಬೆನ್ನು ತಟ್ಟಿ ಕಳಿಸಿದ್ದರು. ಬೆನ್ನು ತಟ್ಟಿದ್ದು ಸೆನ್ಸರಿನವನದಲ್ಲ, ಅಲಿಯದು. ಅಲಿ ಆಗ ನಕ್ಕಿದ್ದ. ಆ ನಗೆಯನ್ನು ಈಗ ನೆನೆದರೆ ಯಾರದೋ ಮದುವೆಯಲ್ಲಿ ಕರೆಯದೆ ಹೋಗಿ ಉಂಡು ಬಂದ ಹಾಗೆನಿಸುತ್ತಿತ್ತು.

"ಅಬಬಾ, ಅತ್ತರು!" ಎಂದಳು ಮಂಗಳವ್ವ. "ಇವತ್ತೇನ ಅಲಿಯಣ್ಣಾ, ಎರಡನೇ ಮದುವಿ ಗೊತ್ತು ಮಾಡಿಕೊಂಡೀಯೇನ?"

"ಶಬನಮ್‌ಗ ಹೇಳಬ್ಯಾಡವಾ, ಸೀದ ಪಾತ್ರಿ ತಲಿಮ್ಯಾಲ ಬೀಳ್ತೈತಿ" ಎಂದ. ಎಲ್ಲರೂ ನಕ್ಕರು. ನಗಿಸುವುದು ಸುಲಭ. ನಕ್ಕ ಮುಖಗಳು ಅವನ ಮೂಗಿನ ಕಡೆ ನೋಡುವುದಿಲ್ಲ.

ಗುಂಪಿನ ಹಿರಿಯಳು ಹೊನ್ನವ್ವ ಎಲ್ಲರಿಗಿಂತ ಹಿಂದೆ ಬಂದಳು. ನಿನ್ನೆ ಅವಳ ಅಕ್ಕನ ಮೊಮ್ಮಗಳ ಮದುವೆಯ ಅರಿಶಿಣ. ಅವಳ ಕೆನ್ನೆ, ಮೊಳಕೈ, ಸೆರಗು ಎಲ್ಲ ಹಳದಿ. "ತೊಳಕೊಂಡು ಬರಾಕ ಹೊತ್ತ ಸಿಗಲಿಲ್ಲ ನೋಡು. ಬೀಗರು ನನ್ನ ಹಿಡಿದು ಕೊಡಾ ಕೊಡಾ ಸುರುವ್ಯಾರ" ಎಂದು, ನಳದ ಕೆಳಗೆ ಸೆರಗು ತೋಯಿಸಿ ಹಿಂಡಿ, ಕೆಲಸಕ್ಕೆ ಕೂತಾಗ ಘಾಟಿಗೆ ಅಡ್ಡವಾಗಿ ಮೂಗಿಗೆ ಕಟ್ಟಿಕೊಳ್ಳಲು ತಯಾರು ಮಾಡಿಕೊಂಡಳು. ಅಲಿ ಬಾಗಿಲು ತೆಗೆದ. ಮೂಗೆತ್ತಿ ಮೂರು ಸಲ ಮೂಸಿದ. ಗಾಳಿ ಬಂತು, ತಂಪಿತ್ತು, ಅಷ್ಟೆ. "ಹೊನ್ನಕ್ಕಾ, ದೀಪಾ ಹಾಕು ಹೋಗು" ಎಂದ.

ಇದು ಆರು ವಾರದ ಹೊಸ ರಿವಾಜು. ಮೊದಲು ದೀಪ ಹಾಕುತ್ತಿದ್ದವನು ಅವನೇ. ಮೂಗು ಹೋದ ಮರುದಿನ ಹೊಸ್ತಿಲಲ್ಲಿ ನಿಂತು ಬೆವರಿ, ಏನೂ ತೋಚದೆ, "ಹಿರೇ ಹೆಣ್ಮಗಳು ದೀಪಾ ಹಾಕಿದ್ರ ಬರಕತ್ ಐತಿ, ಒಳ್ಳೇದಾಗ್ತೈತಿ, ಹೊನ್ನಕ್ಕಾ ನೀನs ಹೋಗು" ಎಂದುಬಿಟ್ಟಿದ್ದ. ಹೊನ್ನವ್ವ ಪಡಸಾಲೆಯ ಈ ತುದಿಯಿಂದ ಆ ತುದಿಯ ತನಕ ನಡೆದು ಸ್ವಿಚ್ಚು ಹಾಕಿ ತಿರುಗಿ ಬಂದಳು. ಅವಳ ಮುಖ ಕಿವುಚಿರಲಿಲ್ಲ. ಅವನು "ಸಾಫ್ ಐತಿ" ಎಂದ. ಅವತ್ತು ಅದು ಒಂದು ದಿನದ ಉಪಾಯ. ಎರಡನೆಯ ದಿನ ಮತ್ತೆ. ಆಮೇಲೆ ಹೊನ್ನವ್ವ ದೀಪ ಹಾಕುವ ಮರ್ಯಾದೆ ಸಿಕ್ಕಿತೆಂದು ಕುಂಕುಮ ದೊಡ್ಡದಾಗಿ ಇಟ್ಟುಕೊಂಡು ಬರತೊಡಗಿದಳು. ಆ ಕುಂಕುಮ ದಿನದಿನಕ್ಕೆ ಅಗಲವಾದಂತೆ ಅಲಿಗೆ ಅವಳ ಹಣೆಯ ಕಡೆ ನೋಡುವುದು ಕಷ್ಟವಾಗುತ್ತಿತ್ತು, ಮುಖ ನೋಡದೆ ಬೇರೆ ದಾರಿ ಇರಲಿಲ್ಲ. ಯಂತ್ರದ ಕೋಣೆಯಲ್ಲಿ, ಯಾರೂ ಇಲ್ಲದಾಗ, ಗಂಧಕದ ಬತ್ತಿ ಹಚ್ಚಿ ಪೈಪುಗಳ ಹತ್ತಿರ ಹಿಡಿಯುತ್ತಿದ್ದ. ಗ್ಯಾಸ್ ಇದ್ದರೆ ಬತ್ತಿಯಿಂದ ದಟ್ಟ ಬಿಳಿ ಹೊಗೆ ಏಳುತ್ತದೆ. ಪಡಸಾಲೆಗೆ ಮಾತ್ರ ಬತ್ತಿ ತಂದಿರಲಿಲ್ಲ. ತಂದರೆ "ಬತ್ತಿ ಯಾಕಪಾ, ಮೂಗೆಲ್ಲಿ ಹೋತು?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಒಂದು ಪ್ರಶ್ನೆಗೆ ಹೆದರಿ ಇಪ್ಪತ್ತೆರಡು ಮಂದಿಯನ್ನು ಒಳಗೆ ಕಳಿಸುವವನಿಗೆ ಏನನ್ನಬೇಕೆಂದು ಅವನಿಗೆ ಗೊತ್ತಿತ್ತು. ಶಬ್ದ ಬಾಯಿಗೆ ತಂದುಕೊಳ್ಳುತ್ತಿರಲಿಲ್ಲ, ಅಷ್ಟೆ.

ಹೊನ್ನವ್ವ ದೀಪ ಹಾಕಿ ಬಂದಳು. ಹಳದಿ ಮುಖ, ನೆಟ್ಟಗಿನ ಮುಖ.

"ಸಾಫ್ ಐತಿ" ಎಂದ ಅಲಿ.

ಹನ್ನೊಂದರ ಹೊತ್ತಿಗೆ ಅವನು ಯಂತ್ರದ ಕೋಣೆಯಿಂದ ಹೊರಗೆ ಬಂದಾಗ ಪಡಸಾಲೆಯ ಕಡೆಯಿಂದ ದೊಡ್ಡ ನಗೆ ಕೇಳಿಸಿತು. ನೀರು ಕುಡಿಯಲು ಹೊರಗೆ ಬಂದಿದ್ದ ಮಂಗಳವ್ವ ಹೊಟ್ಟೆ ಹಿಡಿದುಕೊಂಡು, ನಡುನಡುವೆ ಕೆಮ್ಮುತ್ತ, "ಅಲಿಯಣ್ಣಾ, ಬಾ ಬಾ, ಹೊನ್ನಕ್ಕಗ ಮೀಸಿ ಬಂದಾವ! ಕೆಂಪ ಮೀಸಿ!" ಎಂದಳು. ಮೂರನೆಯ ಚೇಂಬರಿನ ಬಾಗಿಲ ಪಕ್ಕ ಹೊನ್ನವ್ವ ಕೂತಿದ್ದಳು. ಮೂಗಿಗೆ ಕಟ್ಟಿದ ಹಸಿ ಸೆರಗಿನ ಹಳದಿ, ಮೂಗಿನ ಕೆಳಗೂ ಕೆನ್ನೆಯ ಮೇಲೂ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. "ನಗರಿ ನಗರಿ. ಮುಂಜಾನೆ ಒಮ್ಮೆ ಆಗಿತ್ತು, ಹೊರಗ ಹೋಗಿ ಬಂದೆ, ಮತ್ತ ಹಳದಿ ಆತು. ಒಳಗ ಕುಂತ್ರ ಮತ್ತ ಕೆಂಪು. ನನಗ ದೃಷ್ಟಿ ಆಗೈತಿ" ಎಂದಳು ಅವಳು ಒರಟು ದನಿಯಲ್ಲಿ. ಸುಣ್ಣ ಬಿದ್ದ ಅರಿಶಿಣದ ಕೆಂಪು, ಆರತಿ ತಟ್ಟೆಯ ನೀರಿನ ಕೆಂಪು. ಅಲಿ ಅದನ್ನು ನೋಡುತ್ತ ನಿಂತ. ರಾಣೆಬೆನ್ನೂರಿನ ಹಳೆಯ ಐಸ್ ಫ್ಯಾಕ್ಟರಿ, ಇಪ್ಪತ್ತು ವರ್ಷದ ಹಿಂದಿನ ಬೇಸಗೆ, ಕೆಲಸ ಕಲಿಸಿದ ಉಸ್ತಾದರ ತೆಳ್ಳನೆಯ ಬೆರಳು. ಗಂಧಕದ ಬತ್ತಿ ತೀರಿದ ದಿನ ಉಸ್ತಾದರು ಮನೆಯಿಂದ ಅರಿಶಿಣ ತರಿಸಿ, ನೀರಿನಲ್ಲಿ ಕದಡಿ, ಚಿಂದಿ ಅದ್ದಿ ಪೈಪಿನ ಕೀಲಿಗೆ ಕಟ್ಟುತ್ತಿದ್ದರು. "ಹಳದಿ ಇದ್ರ ಉಣ್ಣಾಕ ಹೋಗು. ಕೆಂಪಾದ್ರ ಓಡಿ ಹೋಗು. ಚಿಂದಿಗೆ ಸೊಕ್ಕು ಇರಂಗಿಲ್ಲ ತಮ್ಮಾ, ಮೂಗಿಗೆ ಇರ್ತೈತಿ." ಮೂಗಿನ ಖ್ಯಾತಿ ಬಂದ ಮೇಲೆ ಅವನು ಆ ಚಿಂದಿಯನ್ನು ಮರೆತೇಬಿಟ್ಟಿದ್ದ.

"ಹೊರಗ ನಡೀರಿ!" ಎಂದು ಕೂಗಿದ. ಯಾರೂ ಏಳಲಿಲ್ಲ, ಇದೂ ತಮಾಷೆ ಎಂದುಕೊಂಡರು. "ಗ್ಯಾಸ್ ಐತಿ! ಬುತ್ತಿ ಬಿಡ್ರಿ, ಚೀಲಾ ಬಿಡ್ರಿ, ಎದ್ದು ನಡೀರಿ! ಮಂಗಳಾ, ಎಲ್ಲಾರನ್ನೂ ಬೇವಿನ ಗಿಡದ ಕಡೆ ಕರಕೊಂಡು ಹೋಗು, ಗಾಳಿ ಅಲ್ಲಿಂದ ಬರಾಕತ್ತೈತಿ. ಎಣಿಸು, ಇಪ್ಪತ್ತೆರಡು ಆಗಬೇಕು!" ಆಗ ಎದ್ದರು. ಒಬ್ಬಳು ಬುತ್ತಿಗೆ ತಿರುಗಿ ಹೋದಳು, ಅವಳನ್ನು ರಟ್ಟೆ ಹಿಡಿದು ಎಳೆದು ತಂದ. ಹೊರಗೆ ಎಣಿಸಿದ ಮಂಗಳವ್ವ ಇಪ್ಪತ್ತೊಂದು ಎಂದಾಗ ಅವನು ತಿರುಗಿ ಒಳಗೆ ಓಡಲು ಹೊರಟ. ಮಂಗಳವ್ವ ತನ್ನನ್ನೇ ಎಣಿಸಿಕೊಂಡಿಲ್ಲವೆಂದು ಹೊನ್ನವ್ವ ಅವಳ ತಲೆಗೆ ಮೊಟಕಿದ ಮೇಲೆ ಇಪ್ಪತ್ತೆರಡಾಯಿತು. ಅಲಿ ಯಂತ್ರದ ಕೋಣೆಯಿಂದ ಪಡಸಾಲೆಯ ಪೈಪುಗಳ ಗ್ಯಾಸ್ ಬಂದ್ ಮಾಡಿ, ಮುಖ ಪೂರ್ತಿ ಮುಚ್ಚುವ ಮಾಸ್ಕ್ ಹಾಕಿಕೊಂಡು, ಹಮಾಲರ ಮುಖಂಡನನ್ನು ಬಾಗಿಲಲ್ಲಿ ಕಾವಲು ನಿಲ್ಲಿಸಿ, ಗಂಧಕದ ಬತ್ತಿ ಹಿಡಿದು ಒಳಗೆ ಹೋದ. ಮೂರನೆಯ ಚೇಂಬರಿನ ಮೇಲಿನ ವಾಲ್ವಿನ ಕೊರಳ ಹತ್ತಿರ ಬತ್ತಿ ಬಂದದ್ದೇ ಬಿಳಿ ಹೊಗೆ ಹತ್ತಿ ಬಿಡಿಸಿದಂತೆ ಎದ್ದಿತು. ಸಣ್ಣ ಸೋರಿಕೆ. ಎಷ್ಟು ದಿನದ್ದೋ.

ಪ್ರಭುಲಿಂಗಪ್ಪ ಕಾರಿನಲ್ಲಿ ಬಂದಿಳಿಯುವಷ್ಟರಲ್ಲಿ ಹೆಂಗಸರು ನಳದ ಕೆಳಗೆ ಸಾಲಾಗಿ ಕಣ್ಣು ತೊಳೆದುಕೊಂಡಿದ್ದರು. ಡಾಕ್ಟರು ಬಂದು ಎದೆಗೆ ಕೊಳವೆ ಇಟ್ಟು ನೋಡಿ, ಮಂಗಳವ್ವನನ್ನೂ ಇನ್ನೊಬ್ಬಳನ್ನೂ ಸಂಜೆ ತನಕ ದವಾಖಾನೆಯಲ್ಲಿ ಇರಿಸಿಕೊಳ್ಳುತ್ತೇನೆ, ಉಳಿದವರದು ಗಂಟಲು ಕೆರೆದದ್ದಷ್ಟೇ ಎಂದಿದ್ದರು. ಸಾವಕಾರರು ಒಂದು ನಿಮಿಷ ಬೆವರೊರೆಸಿಕೊಂಡರು, ಆಮೇಲೆ ಅವರ ಮುಖ ಅರಳಿತು. "ನಾ ಏನ ಹೇಳ್ತಿದ್ದೆ? ಅಲಿ ಮೂಗು ಅಂದ್ರ ಮೂಗು! ಈ ಸಲ ಶಾಲು ಅಷ್ಟs ಅಲ್ಲಲೇ, ಪೇಟಾ ಸುತ್ತಿಸ್ತೇನಿ!"

ಸುಮ್ಮನಿದ್ದರೆ ಸಾಕಿತ್ತು. ಅದು ಎಷ್ಟು ಸುಲಭವೆಂದು ಅಲಿಗೆ ಆಶ್ಚರ್ಯವಾಯಿತು. ಪೇಟ ಅವನ ತಲೆಯ ಅಳತೆಗೆ ಆಗಲೇ ಬಂದು ನಿಂತಿತ್ತು. ಸೆನ್ಸರ್ ತರಿಸುವ ಮಾತನ್ನು ಯಾವುದೋ ನೆಪ ಹೇಳಿ ಮುಂದಿನ ವಾರ ಎತ್ತಬಹುದು. ಮೂಗೂ ಅಷ್ಟರಲ್ಲಿ ಬರಬಹುದು. ಆಗ ಹೊನ್ನವ್ವ, ಕೆಮ್ಮಿನ ನಡುವೆ, ನಾಚಿಕೊಂಡವಳಂತೆ ಅಂದಳು: "ನಂದs ತಪ್ಪು ತಮ್ಮಾ. ಮೂರು ದಿನದಿಂದ ನನಗ ಏನೋ ಬ್ಯಾರೇನs ಹೊಡ್ಯಾಕತ್ತಿತ್ತು. ಘಾಟಲ್ಲ ಇದು ಅನಸ್ತಿತ್ತು. ಆದ್ರ ನೀ ಸಾಫ್ ಅಂದಿ. ನಿನ್ನ ಮೂಗಿಗೆ ತಿಳೀದದ್ದು ನನ್ನ ಮೂಗಿಗೆ ತಿಳೀತೈತೇನ, ಮುದುಕಿ ಆದೆ ಅಂತ ಸುಮ್ಮನಿದ್ದೆ. ಮಾರಿ ಕಿವುಚಿದ್ರ ಮಂದಿ ನಗ್ತಾರಂತ ಅದನ್ನೂ ಬಿಟ್ಟೆ."

ಅವಳು ಅವನ ಮೂಗನ್ನು ನಂಬಿದ್ದಳು, ಅವನು ಅವಳ ಮುಖವನ್ನು. ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆತು ನಿಂತ ಹಾಗೆ ಮೂರು ದಿನ ನಿಂತಿದ್ದರು; ಕೆಳಗೆ ಇಪ್ಪತ್ತೊಂದು ಮಂದಿ ಕೂತು ಕಾಯಿ ಆರಿಸುತ್ತಿದ್ದರು.

"ನನಗ ವಾಸನಿ ಬರಂಗಿಲ್ಲ ಹೊನ್ನಕ್ಕ" ಎಂದ ಅಲಿ. "ಆರು ವಾರ ಆತು."

ಸಾವಕಾರರು ನಕ್ಕರು. ಬೇರೆ ಯಾರೂ ನಗದ್ದರಿಂದ ನಿಲ್ಲಿಸಿದರು.

"ಮತ್ತ ದಿನಾ ಮುಂಜಾನೆ ಮೂಗೆತ್ತಿ ಮೂಸ್ತಿದ್ದಿ?" ಎಂದಳು ಹೊನ್ನವ್ವ.

"ನಾಟಕ."

"ಸಾಫ್ ಐತಿ ಅಂತಿದ್ದಿ?"

"ನಿನ್ನ ಮಾರಿ ನೋಡಿ ಅಂತಿದ್ದೆ. ಅದಕ್ಕs ನಿನ್ನ ದೀಪಾ ಹಾಕಾಕ ಕಳಸ್ತಿದ್ದೆ."

ಹೊನ್ನವ್ವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳ ಕೈ ತಾನಾಗಿ ಹಣೆಯ ದೊಡ್ಡ ಕುಂಕುಮಕ್ಕೆ ಹೋಯಿತು. ಆಮೇಲೆ ಭುಜದಿಂದ ಹಸಿ ಸೆರಗನ್ನು ಎಳೆದು ಅವನ ಬೆನ್ನಿಗೆ ಫಟ್ಟೆಂದು ಬಾರಿಸಿದಳು. "ಬರಕತ್ ಅಂದ್ಯಲ್ಲೋ! ಹಿರೇ ಹೆಣ್ಮಗಳು ಅಂದ್ಯಲ್ಲೋ! ನಾ ದೀಪಾ ಹಾಕೂ ಲಕ್ಷ್ಮಿ ಅಂತ ತಿಳದಿದ್ನೆಲ್ಲೋ, ನಿನ್ನ ಗಂಧಕದ ಬತ್ತಿ ಆಗಿದ್ನೇನು ನಾ?" ಇನ್ನೊಂದು ಬಾರಿಸಿದಳು. ಅಲಿ ತಪ್ಪಿಸಿಕೊಳ್ಳಲಿಲ್ಲ. ಹಸಿ ಬಟ್ಟೆಯ ಪೆಟ್ಟು ಜೋರಾಗಿಯೇ ಬಿತ್ತು, ಆರು ವಾರದಲ್ಲಿ ಮೊದಲ ಸಲ ಅವನ ಹೆಗಲು ಹಗುರಾಯಿತು. ಬೇವಿನ ನೆರಳಿನಲ್ಲಿ ಯಾರೋ ಕಿಸಕ್ಕೆಂದರು, ಕೆಮ್ಮುತ್ತಲೇ ಇನ್ನೊಬ್ಬಳು, ಆಮೇಲೆ ಎಲ್ಲರೂ. ಹೊನ್ನವ್ವ ನಗಲಿಲ್ಲ. ಅವಳು ಸಾವಕಾರರ ಕಡೆ ತಿರುಗಿದಳು. "ಸಾವಕಾರ್ರ, ಪೇಟಾ ಬಿಡ್ರಿ. ಒಬ್ಬ ಮನಷ್ಯಾನ ಮೂಗಿನ ಮ್ಯಾಲ ಗೋದಾಮ ಕಟ್ಟೀರಿ, ಅದಕ್ಕ ನೆಗಡಿ ಬಂದ್ರ ಏನ ಅಂತ ಕೇಳಲಿಲ್ಲ. ಆ ಹುಬ್ಬಳ್ಳ್ಯಾವನ ಚೀರೂ ಡಬ್ಬಿ ಬರೂ ತನಕ ನಾವು ಈ ಹೊಸ್ತಿಲ ದಾಟಂಗಿಲ್ಲ."

"ಲಾರಿ ನಿಂತಾವಲ್ಲಬೇ ಹೊನ್ನವ್ವಾ!"

"ನಿಂತಿರ್ಲಿ. ಅವಕ್ಕೇನ ಕೆಮ್ಮ ಬರ್ತೈತೇನ?"

ಸಾವಕಾರರು ಅಲಿಯನ್ನು ನೋಡಿದರು, ಅವನು ಸಮಾಧಾನದ ಮಾತೊಂದು ಹೇಳಲಿ ಎಂಬಂತೆ. "ನಾನೂ ದಾಟಂಗಿಲ್ಲ ರೀ" ಎಂದ ಅಲಿ. "ಕೆಲಸದಿಂದ ತಗದ್ರೂ ಅಡ್ಡಿ ಇಲ್ಲ. ಬರೂ ಹೊಸಬಗೂ ಇದನ್ನs ಹೇಳಿ ಹೋಗ್ತೇನಿ." ಪ್ರಭುಲಿಂಗಪ್ಪ ಕೆಟ್ಟ ಮನುಷ್ಯನಲ್ಲ, ಎಲ್ಲವನ್ನೂ ಅಗ್ಗದಲ್ಲಿ ಮುಗಿಸುವ ಮನುಷ್ಯ. ನಿಂತ ಲಾರಿಗಳನ್ನು ಒಂದು ಸಲ, ನಳದ ಹತ್ತಿರದ ಕೆಂಪು ಕಣ್ಣುಗಳನ್ನು ಒಂದು ಸಲ ನೋಡಿ, ಫೋನು ತೆಗೆದು ಹುಬ್ಬಳ್ಳಿಗೆ ಹಚ್ಚಿದರು. ರಾತ್ರಿ ಅಲಿ ಶಬನಮ್‌ಗೆ ಎಲ್ಲ ಹೇಳಿದಾಗ ಅವಳು ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟಳು. "ಹಂಗಾರ ಹೋದ ವಾರ ಕೆಟ್ಟ ಸಾರು ಹೊಗಳಿಕೋತ ಉಂಡ್ರೆಲ್ಲ, ಅದೂ ನಾಟಕನs?" ಎಂದಳು. ಅದಕ್ಕೆ ಅವಳು ಬೇಸರಪಟ್ಟುಕೊಂಡಷ್ಟು ಮೂಗಿಗೂ ಪಡಲಿಲ್ಲ.

ಗುರುವಾರ ಸೆನ್ಸರ್ ಬಂತು. ಪಡಸಾಲೆಗೆ ಮೂರು, ಯಂತ್ರದ ಕೋಣೆಗೆ ಒಂದು. ಬಾಗಿಲ ಪಕ್ಕ ಮೊಳೆಗೆ ಆರು ಮಾಸ್ಕು. ಹೊರಗೆ ಕಣ್ಣು ತೊಳೆಯಲು ಬೇರೆ ನಳ. ಹುಬ್ಬಳ್ಳಿಯವನು ಪರೀಕ್ಷೆಗೆಂದು ಡಬ್ಬಿಯನ್ನು ಒಮ್ಮೆ ಚೀರಿಸಿದಾಗ ಲಾರಿಯ ಮೇಲಿದ್ದ ಹಮಾಲ ಹೆದರಿ ಚೀಲ ಬಿಟ್ಟ. ಶುಕ್ರವಾರ ಮುಂಜಾನೆ ಹೆಂಗಸರು ಮತ್ತೆ ಚಪ್ಪಲಿ ಬಿಟ್ಟು ಬುತ್ತಿ ಹಿಡಿದು ನಿಂತರು. ಮಂಗಳವ್ವನೂ ಇದ್ದಳು. ಡಬ್ಬಿಯ ಮೇಲೆ ಹಸಿರು ದೀಪ ಮಿಣುಕುತ್ತಿತ್ತು. ಹೊನ್ನವ್ವ ಬುತ್ತಿ ಗಂಟಿನಿಂದ ಅರಿಶಿಣದಲ್ಲಿ ಅದ್ದಿದ ಹಸಿ ಚಿಂದಿಯೊಂದನ್ನು ತೆಗೆದು ಅಲಿಯ ಕೈಗೆ ಕೊಟ್ಟಳು.

"ಹಸರು ದೀಪಾ ಐತಲ್ಲ ಹೊನ್ನಕ್ಕ."

"ಮಶೀನಿಗೂ ನೆಗಡಿ ಬಂದ್ರ? ನಡಿ. ಹಿರೇ ಗಣಮಗ ದೀಪಾ ಹಾಕಿದ್ರ ಬರಕತ್ ಐತಿ."

ಅಲಿ ಚಿಂದಿಯನ್ನು ಕೋಲಿಗೆ ಸಿಕ್ಕಿಸಿ, ಮಾಸ್ಕ್ ಹಾಕಿಕೊಂಡು, ಪಡಸಾಲೆಯ ಈ ತುದಿಯಿಂದ ಆ ತುದಿಯ ತನಕ ಒಬ್ಬನೇ ನಡೆದ. ಬೆನ್ನಿನ ಮೇಲೆ ಇಪ್ಪತ್ತೆರಡು ಜೋಡಿ ಕಣ್ಣು ಇದ್ದವು. ಸ್ವಿಚ್ಚು ಹಾಕಿದ. ತಿರುಗಿ ಬರುವಾಗ ಆ ಕಣ್ಣುಗಳೆಲ್ಲ ತನ್ನನ್ನೇ ಓದುತ್ತಿರುವುದು ಕಂಡು ಆರು ವಾರ ಹೊನ್ನವ್ವ ಎಷ್ಟು ನಡೆದಳೆಂದು ಲೆಕ್ಕ ಹತ್ತಿತು. ಹೊಸ್ತಿಲಲ್ಲಿ ಮಾಸ್ಕ್ ತೆಗೆದು ಚಿಂದಿ ತೋರಿಸಿದ. ಹಳದಿ. ಯಾರೂ ಒಳಗೆ ಹೋಗಲಿಲ್ಲ. ಹೊನ್ನವ್ವ ಮುಂದೆ ಬಂದು ಮೂಗೆತ್ತಿ ಮೂಸಿದಳು. ಅವಳ ಹಿಂದೆ ಮಂಗಳವ್ವ ಮೂಸಿದಳು, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ, ಗಂಭೀರವಾಗಿ, ಕರುಗಳ ಹಾಗೆ. ಅಲಿ ಕೈಕಟ್ಟಿ ಕಾದ. "ಸಾಫ್ ಐತಿ" ಅನ್ನುವ ಮಾತು ಈಗ ಅವನದಾಗಿರಲಿಲ್ಲ. ಹೊನ್ನವ್ವ ಮತ್ತೊಮ್ಮೆ ಮೂಸಿದಳು, ಅವನ ಕಡೆ ತಿರುಗಿ ಇನ್ನೂ ಒಮ್ಮೆ ಮೂಸಿದಳು, ಮುಖ ಚೆನ್ನಾಗಿ ಕಿವುಚಿದಳು.

"ಒಳಗ ಸಾಫ್ ಐತಿ" ಎಂದಳು. "ನೀನs ನಾರಾಕತ್ತೀದಿ. ಅಂಗಿ ನಿನ್ನಿದ ಹಾಕ್ಕೊಂಡು ಬಂದೀಯೇನ?"

ನಿನ್ನೆಯದೇ. ಅತ್ತರಿನ ಸೀಸೆಯನ್ನು ಅವನು ಮನೆಯಲ್ಲೇ ಬಿಟ್ಟು ಬಂದಿದ್ದ.

"ನಾಳಿಂದ ತೊಳದ ಅಂಗಿ ಹಾಕ್ಕೊಂಡು ಬರ್ತೇನಿ ಹೊನ್ನಕ್ಕ" ಎಂದು ಅಲಿ ನಗುತ್ತ ಬಾಗಿಲಿನಿಂದ ಪಕ್ಕಕ್ಕೆ ಸರಿದ.